ಪೊವಿಡೋನ್ ಅಯೋಡಿನ್ ಮುಲಾಮು

ಪೊವಿಡೋನ್ ಅಯೋಡಿನ್ ಮುಲಾಮು ಗಾಯ, ಹುಣ್ಣು ಮತ್ತು ಚಿಕ್ಕ ಸುಟ್ಟಗಾಯಗಳು ನಂಜಾಗದಂತೆ ಮೇಲೆ ಹಚ್ಚುವ ಔಷಧ. ನಂಜುನಿವಾರಕ ಅಥವಾ ಪೂತಿನಾಶಕ ಎನ್ನುವ ವರ್ಗಕ್ಕೆ ಸೇರುತ್ತದೆ. ನೀರಿನಲ್ಲಿ ಕರಗುವ ಪೊವಿಡೋನ್ ಎಂಬ ಪಾಲಿಮರ್‌ಗೆ ಅಯೋಡಿನ್ ಸಡಿಲವಾಗಿ ಅಂಟಿಕೊಂಡು ಆಗುವ ಸಂಕೀರ್ಣವೇ ಇದರ ಮದ್ದಿನ ಅಂಶ. ಬಣ್ಣ ಕಡುಕಂದು, ವಾಸನೆ ಸೌಮ್ಯ, ನೀರಿನಲ್ಲಿ ತೊಳೆದರೆ ಹೋಗುತ್ತದೆ. ಭಾರತದ ಔಷಧ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಶೇ. 5ರ ಮುಲಾಮು, ಶೇ. 10ರದೂ ಉಂಟು. ಬೆಟಾಡಿನ್, ವೋಕಾಡಿನ್, ಸಿಪ್ಲಾಡಿನ್ ಮೊದಲಾದ ಹೆಸರುಗಳಲ್ಲಿ ಮಾರಾಟವಾಗುತ್ತದೆ. ಪೊವಿಡೋನ್ ಅಯೋಡಿನ್ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿಯೂ ಭಾರತದ ರಾಷ್ಟ್ರೀಯ ಪಟ್ಟಿಯಲ್ಲಿಯೂ ಇದೆ. ಕರ್ನಾಟಕದ ಮನೆ, ಶಾಲೆಗಳ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಹಿಂದೆ ‘ಟಿಂಚರ್’ ಸೀಸೆ ಇರುತ್ತಿದ್ದ ಜಾಗದಲ್ಲಿ ಈಗ ಇರುವುದು ಬಹುಮಟ್ಟಿಗೆ ಇದರ ಟ್ಯೂಬು.

ಸೂಕ್ಷ್ಮಜೀವಿಗಳನ್ನು ಕೊಲ್ಲುವ ಅಯೋಡಿನ್‌ಗೆ ಶತ್ರು ಯಾವುದು, ಹೊಸದಾಗಿ ಬೆಳೆಯುತ್ತಿರುವ ಚರ್ಮದ ಜೀವಕೋಶ ಯಾವುದು ಎಂಬ ಭೇದವಿಲ್ಲ. ಗಾಯದ ಮೂಲಕ ರಕ್ತಕ್ಕೆ ಇಳಿದ ಅಯೋಡಿನ್ ಥೈರಾಯ್ಡ್ ಗ್ರಂಥಿಯನ್ನೂ ಮುಟ್ಟುತ್ತದೆ. ಹಾಗಾಗಿ ಎಂಥ ಗಾಯಕ್ಕೆ, ಎಷ್ಟು ಅಗಲಕ್ಕೆ, ಎಷ್ಟು ದಿನ ಎಂಬ ಮೂರು ಪ್ರಶ್ನೆಗಳಲ್ಲಿಯೇ ಇದರ ಸುರಕ್ಷಿತ ಬಳಕೆ ಅಡಗಿದೆ.

ಇತಿಹಾಸ

ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ ಫ್ರಾನ್ಸಿಗೆ ಸಿಡಿಮದ್ದು ಬೇಕಿತ್ತು, ಸಿಡಿಮದ್ದಿಗೆ ಪೆಟ್ಲುಪ್ಪು ಬೇಕಿತ್ತು. ಪೆಟ್ಲುಪ್ಪು ತಯಾರಿಸುತ್ತಿದ್ದ ಬರ್ನಾರ್ ಕುರ್ತ್ವಾ 1811ರಲ್ಲಿ ಕಡಲಕಳೆಯ ಬೂದಿಗೆ ಗಂಧಕಾಮ್ಲ ಹೆಚ್ಚಾಗಿ ಸೇರಿಸಿದಾಗ ನೇರಳೆ ಬಣ್ಣದ ಹೊಗೆ ಎದ್ದಿತು. ತಣ್ಣನೆಯ ಜಾಗಕ್ಕೆ ತಾಗಿದ ಹೊಗೆ ಕಪ್ಪು ಹರಳುಗಳಾಗಿ ಕೂತಿತು. ಅದು ಹೊಸ ಮೂಲವಸ್ತು ಎಂಬುದನ್ನು ಗೇ-ಲುಸಾಕ್ ಮತ್ತು ಹಂಫ್ರಿ ಡೇವಿ ತೋರಿಸಿಕೊಟ್ಟರು. ನೇರಳೆ ಎಂಬ ಅರ್ಥದ ಗ್ರೀಕ್ ಪದದಿಂದ ಅಯೋಡಿನ್ ಎಂಬ ಹೆಸರು ಬಂತು.

ವೈದ್ಯಕ್ಕೆ ಅದು ಮೊದಲು ಬಂದದ್ದು ಗಾಯದ ಮದ್ದಾಗಿ ಅಲ್ಲ. 1820ರಲ್ಲಿ ಜಿನೀವಾದ ವೈದ್ಯ ಕ್ವಾಂದೆ ಅದನ್ನು ಗಳಗಂಡಕ್ಕೆ ಕೊಟ್ಟ. 1829ರಲ್ಲಿ ಫ್ರೆಂಚ್ ವೈದ್ಯ ಲುಗೋಲ್ ಪೊಟ್ಯಾಸಿಯಂ ಅಯೊಡೈಡ್ ಸೇರಿಸಿ ಅಯೋಡಿನ್ನನ್ನು ನೀರಿನಲ್ಲಿ ಕರಗಿಸಿದ. ಆ ದ್ರಾವಣ ಇಂದಿಗೂ ಅವನ ಹೆಸರಿನಲ್ಲಿಯೇ ಇದೆ. ಅಮೆರಿಕದ ಅಂತರ್ಯುದ್ಧದಲ್ಲಿ (1861–65) ಸೈನಿಕರ ಗಾಯಗಳಿಗೆ ಅಯೋಡಿನ್ ಹಚ್ಚಿದರು. ಸೂಕ್ಷ್ಮಜೀವಿಗಳಿಂದ ರೋಗ ಬರುತ್ತದೆ ಎಂಬ ತಿಳಿವಳಿಕೆ ಅಷ್ಟರಲ್ಲಿ ಇನ್ನೂ ನೆಲೆಯೂರಿರಲಿಲ್ಲ. 1908ರಲ್ಲಿ ಫಿಯುಮೆಯ, ಅಂದರೆ ಇಂದಿನ ಕ್ರೊಯೇಷಿಯಾದ ರಿಯೇಕಾ ನಗರದ, ಶಸ್ತ್ರವೈದ್ಯ ಆಂಟೋನಿಯೋ ಗ್ರೋಸಿಕ್ ಕತ್ತಿ ಇಡುವ ಮೊದಲು ಚರ್ಮಕ್ಕೆ ಅಯೋಡಿನ್ ಟಿಂಚರ್ ಬಳಿಯುವ ಕ್ರಮವನ್ನು ಪ್ರಚಾರಕ್ಕೆ ತಂದ.

ಟಿಂಚರ್ ಎಂದರೆ ಮದ್ಯಸಾರದಲ್ಲಿ ಕರಗಿಸಿದ ಅಯೋಡಿನ್. ಗಾಯಕ್ಕೆ ತಾಗಿದರೆ ವಿಪರೀತ ಉರಿ, ಬಟ್ಟೆಗೆ ತಾಗಿದರೆ ಕಲೆ, ಮತ್ತೆ ಮತ್ತೆ ಹಚ್ಚಿದರೆ ಚರ್ಮ ಸುಲಿಯುತ್ತಿತ್ತು. ಪರಿಹಾರ ಬಂದದ್ದು ಬೇರೆಯೇ ದಾರಿಯಿಂದ. 1930ರ ದಶಕದ ಕೊನೆಗೆ ಜರ್ಮನಿಯ ರಸಾಯನವಿಜ್ಞಾನಿ ವಾಲ್ಟರ್ ರೆಪ್ಪೆ ಪಾಲಿವಿನೈಲ್‌ಪಿರೊಲಿಡೋನ್ ಎಂಬ ಪಾಲಿಮರ್ ತಯಾರಿಸಿದ್ದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದನ್ನು ರಕ್ತದ ಪ್ಲಾಸ್ಮಾಕ್ಕೆ ಬದಲಿಯಾಗಿ ಬಳಸಿದರು. ಪೊವಿಡೋನ್ ಎಂಬುದು ಅದರ ಚಿಕ್ಕ ಹೆಸರು. 1955ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಶೆಲಾನ್ಸ್ಕಿ ಮನೆತನದ ಇಬ್ಬರು ವಿಜ್ಞಾನಿಗಳು ಇದಕ್ಕೆ ಅಯೋಡಿನ್ ಸೇರಿಸಿದರು. ಉರಿ ಬಹಳ ಮಟ್ಟಿಗೆ ತಗ್ಗಿತು, ಕೊಲ್ಲುವ ಶಕ್ತಿ ಉಳಿಯಿತು. ಹೀಗೆ ಅಯೋಡಿನ್ನನ್ನು ಹೊತ್ತು ಮೆಲ್ಲಗೆ ಬಿಡುವ ಸಂಯುಕ್ತಗಳಿಗೆ ಅಯೊಡೊಫೋರ್ ಎಂದು ಹೆಸರು.

ಸ್ವರೂಪ ಮತ್ತು ಕ್ರಿಯೆ

ಪೊವಿಡೋನ್ ಅಯೋಡಿನ್ ಪುಡಿಯ ತೂಕದಲ್ಲಿ ಶೇ. 9ರಿಂದ 12ರಷ್ಟು ಮಾತ್ರ ಬಳಕೆಗೆ ಒದಗುವ ಅಯೋಡಿನ್ ಇರುತ್ತದೆ. ಟ್ಯೂಬಿನ ಮೇಲೆ ಶೇ. 5 ಎಂದಿದ್ದರೆ ಒಳಗಿರುವ ಅಯೋಡಿನ್ ಸುಮಾರು ಶೇ. 0.5, ಶೇ. 10 ಎಂದಿದ್ದರೆ ಸುಮಾರು ಶೇ. 1. ಇದರಲ್ಲಿಯೂ ಯಾವುದೇ ಕ್ಷಣದಲ್ಲಿ ಬಿಡಿಯಾಗಿ ಇರುವುದು ತೀರ ಅಲ್ಪ, ಮಿಕ್ಕದ್ದು ಪೊವಿಡೋನ್‌ನ ಹಿಡಿತದಲ್ಲಿ. ಬಿಡಿ ಅಯೋಡಿನ್ ಸೂಕ್ಷ್ಮಜೀವಿಗಳ ಮೇಲೆ ಖರ್ಚಾಗುತ್ತ ಹೋದಂತೆ ಪೊವಿಡೋನ್ ಇನ್ನಷ್ಟನ್ನು ಬಿಟ್ಟುಕೊಡುತ್ತದೆ. ಕೆರೆಯ ನೀರು ತೂಬಿನಿಂದ ಅಳತೆಯಲ್ಲಿ ಗದ್ದೆಗೆ ಹರಿದಂತೆ ಇದರ ಕೆಲಸ.

ಬಿಡಿ ಅಯೋಡಿನ್ ಸೂಕ್ಷ್ಮಜೀವಿಯ ಹೊರಪದರವನ್ನು ದಾಟಿ ಪ್ರೋಟೀನುಗಳನ್ನು ಉತ್ಕರ್ಷಿಸುತ್ತದೆ, ಅಪರ್ಯಾಪ್ತ ಕೊಬ್ಬಿನಾಮ್ಲಗಳಿಗೆ ಅಂಟುತ್ತದೆ. ಹಲವು ಕಡೆ ಒಟ್ಟಿಗೇ ಪೆಟ್ಟು ಬೀಳುವುದರಿಂದ ಪ್ರತಿಜೀವಕಗಳಿಗೆ ನಿರೋಧ ಬೆಳೆಸಿಕೊಂಡಂತೆ ಅಯೋಡಿನ್‌ಗೆ ನಿರೋಧ ಬೆಳೆಸಿಕೊಳ್ಳುವುದು ಬ್ಯಾಕ್ಟೀರಿಯಾಗಳಿಗೆ ಸುಲಭವಲ್ಲ. ಬ್ಯಾಕ್ಟೀರಿಯಾ, ಶಿಲೀಂಧ್ರ, ಅನೇಕ ವೈರಸ್‌ಗಳು, ಏಕಕೋಶ ಪರೋಪಜೀವಿಗಳು ಇದಕ್ಕೆ ಬಲಿಯಾಗುತ್ತವೆ. ಧನುರ್ವಾಯುವಿನ ಬ್ಯಾಕ್ಟೀರಿಯಾದಂಥವು ರಚಿಸುವ ಬೀಜಕಗಳು ಮಾತ್ರ ಗಟ್ಟಿ. ಮುಲಾಮು ಹಚ್ಚಿದೆ ಎಂದು ಧನುರ್ವಾಯು ಚುಚ್ಚುಮದ್ದನ್ನು ಬಿಡುವಂತಿಲ್ಲ.

ರಕ್ತ, ಕೀವು, ಸತ್ತ ಮಾಂಸ, ಮಣ್ಣು ಇದ್ದಲ್ಲಿ ಅಯೋಡಿನ್ ಅವುಗಳ ಮೇಲೆಯೇ ಖರ್ಚಾಗಿಬಿಡುತ್ತದೆ. ಬಣ್ಣವೇ ಇದಕ್ಕೆ ಸಾಕ್ಷಿ. ಮುಲಾಮು ಹಾಕಿ ಕಟ್ಟಿದ ಗಾಜ್ ಬಟ್ಟೆಯನ್ನು ಮರುದಿನ ಬಿಚ್ಚಿ ನೋಡಿದರೆ ಅಂಚಿನಲ್ಲಿ ಕಂದು ಹಾಗೆಯೇ ಇದ್ದು, ಗಾಯಕ್ಕೆ ತಾಗಿದ ನಡುಭಾಗ ತೆಳುಹಳದಿಗೆ ಅಥವಾ ಬಿಳಿಗೆ ತಿರುಗಿರುವುದುಂಟು. ಬಣ್ಣ ಹೋದಲ್ಲಿ ಅಯೋಡಿನ್ ಮುಗಿದಿದೆ ಎಂದರ್ಥ. ಅಯೋಡಿನ್ ಇದೆಯೇ ಎಂಬುದಕ್ಕೆ ಅಡುಗೆಮನೆಯಲ್ಲಿಯೂ ಒಂದು ಪರೀಕ್ಷೆ ಉಂಟು: ಅನ್ನದ ಗಂಜಿಗೆ ಒಂದಿಷ್ಟು ಮುಲಾಮು ಕದಡಿದರೆ ಗಂಜಿ ನೀಲಿ-ಕಪ್ಪಾಗುತ್ತದೆ. ಗಂಜಿ ಹಾಕಿ ಒಣಗಿಸಿದ ಪಂಚೆಗೆ ಮುಲಾಮು ತಾಗಿದರೆ ಕಂದು ಕಲೆಯ ಬದಲು ನೀಲಿ-ಕಪ್ಪು ಕಲೆ ಕಾಣುವುದು ಇದರಿಂದಲೇ.

ರೂಪಗಳು

ಮುಲಾಮಿಗೆ ಆಧಾರವಾಗಿ ಸಾಮಾನ್ಯವಾಗಿ ಮ್ಯಾಕ್ರೊಗೋಲ್ ಎಂಬ, ನೀರಿನಲ್ಲಿ ಕರಗುವ ಮೇಣದಂಥ ವಸ್ತುವನ್ನು ಬಳಸುತ್ತಾರೆ. ಪೆಟ್ರೋಲಿಯಂ ಜೆಲ್ಲಿಯ ಹಾಗೆ ಜಿಡ್ಡಾಗಿ ಉಳಿಯದೆ ಗಾಯದ ತೇವದಲ್ಲಿ ಕರಗಿ ಅಯೋಡಿನ್ನನ್ನು ಬಿಡುತ್ತದೆ. ಮುಲಾಮಲ್ಲದೆ ದ್ರಾವಣ, ಕೈ ಮತ್ತು ಚರ್ಮ ತೊಳೆಯುವ ನೊರೆಯ ಸ್ಕ್ರಬ್, ಬಾಯಿ ಮುಕ್ಕಳಿಸುವ ದ್ರವ, ಪುಡಿ, ಸ್ಪ್ರೇ, ಮುಲಾಮು ಲೇಪಿಸಿದ ಬಲೆಬಟ್ಟೆ ಎಂಬ ರೂಪಗಳಿವೆ. ಒಂದರ ಕೆಲಸಕ್ಕೆ ಇನ್ನೊಂದು ಒದಗುವುದಿಲ್ಲ. ಸ್ಕ್ರಬ್‌ನಲ್ಲಿ ಸಾಬೂನಿನಂಥ ಅಂಶ ಇರುವುದರಿಂದ ತೆರೆದ ಗಾಯದೊಳಗೆ ಬಿಡಬಾರದು. ಕಣ್ಣಿನ ಶಸ್ತ್ರಚಿಕಿತ್ಸೆಗೆ ಮುನ್ನ ವೈದ್ಯರು ಹಾಕುವ ಶೇ. 5ರ ದ್ರಾವಣ ಕಣ್ಣಿಗೆಂದೇ ತಯಾರಾದದ್ದು. ಚರ್ಮದ ಮುಲಾಮನ್ನು ಕಣ್ಣಿಗೆ ಹಾಕುವಂತಿಲ್ಲ.

ಮೆಟ್ರೊನಿಡಜೋಲ್, ಆರ್ನಿಡಜೋಲ್, ಸುಕ್ರಾಲ್‌ಫೇಟ್ ಬೆರೆಸಿದ ಮುಲಾಮುಗಳೂ ಭಾರತದ ಮಾರುಕಟ್ಟೆಯಲ್ಲಿವೆ. ಪೊಟ್ಟಣದ ಬಣ್ಣ ಒಂದೇ ತೆರನಾಗಿ ಕಂಡರೂ ಒಳಗಿನ ಮದ್ದು ಬೇರೆ. ಆದ್ದರಿಂದ ಕೊಳ್ಳುವಾಗ ಬ್ರ್ಯಾಂಡಿನ ಹೆಸರಿನ ಕೆಳಗೆ ಚಿಕ್ಕಕ್ಷರದಲ್ಲಿ ಬರೆದಿರುವುದನ್ನು ಓದಬೇಕು.

ಕ್ಯಾಡೆಕ್ಸೋಮರ್ ಅಯೋಡಿನ್ ಇನ್ನೊಂದು ಬಗೆ. ಪಿಷ್ಟದ ಸಣ್ಣ ಮಣಿಗಳಲ್ಲಿ ಶೇ. 0.9ರಷ್ಟು ಅಯೋಡಿನ್ ಹಿಡಿದಿಟ್ಟ ಮುಲಾಮು ಇದು. ಮಣಿಗಳು ಗಾಯದ ಕೀವು-ನೀರನ್ನು ಹೀರಿ ಉಬ್ಬುತ್ತ ಅಯೋಡಿನ್ ಬಿಡುತ್ತವೆ. ಬಹುಕಾಲ ಮಾಯದ, ನೀರು ಸೋರುವ ಕಾಲಿನ ಹುಣ್ಣುಗಳಿಗೆ ಬಳಕೆ. ಒಮ್ಮೆಗೆ 50 ಗ್ರಾಂ, ವಾರಕ್ಕೆ 150 ಗ್ರಾಂ, ಒಟ್ಟು ಮೂರು ತಿಂಗಳು ಎಂಬ ಮಿತಿಯನ್ನು ತಯಾರಕರೇ ನಿಗದಿ ಮಾಡಿದ್ದಾರೆ.

ಯಾವ ಗಾಯಕ್ಕೆ

ತರಚು ಗಾಯ, ಆಳವಿಲ್ಲದ ಕೊಯ್ತ, ಪುಟ್ಟ ಸುಟ್ಟಗಾಯ, ಕೆರೆದು ಒಡೆದ ಕೀಟದ ಕಡಿತ ಇವು ಮನೆಯಲ್ಲಿ ಮುಲಾಮು ಹಚ್ಚಬಹುದಾದವು. ಮಲೆನಾಡಿನಲ್ಲಿ ಮಳೆಗಾಲದ ಉಂಬಳ ಕಡಿದ ಜಾಗವೂ ಈ ಸಾಲಿನದು. ಉಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು ಇರುವುದರಿಂದ ಗಾಯ ಚಿಕ್ಕದಾದರೂ ರಕ್ತ ಬಹಳ ಹೊತ್ತು ಒಸರುತ್ತದೆ. ಅಲ್ಲಿ ಮೊದಲು ಬೇಕಾದದ್ದು ತೊಳೆದು ಒತ್ತಿ ಹಿಡಿಯುವುದು, ರಕ್ತ ನಿಂತ ಮೇಲೆ ಮುಲಾಮು.

ಆಸ್ಪತ್ರೆಗಳಲ್ಲಿ ನಂಜಾದ ಗಾಯ, ಒತ್ತಡದ ಹುಣ್ಣು, ಹೊಲಿಗೆಯ ಅಂಚು, ಕೊಳವೆ ಹೊರಬರುವ ಚರ್ಮದ ಭಾಗ ಮೊದಲಾದೆಡೆ ವೈದ್ಯರು ಇದನ್ನು ಬಳಸುತ್ತಾರೆ. ಶಸ್ತ್ರಚಿಕಿತ್ಸೆಗೆ ಮುನ್ನ ಚರ್ಮ ಸ್ವಚ್ಛಗೊಳಿಸಲು ಬಳಸುವುದು ದ್ರಾವಣವನ್ನು, ಮುಲಾಮನ್ನಲ್ಲ.

ಕುರುವಿನಲ್ಲಿ ಕೀವು ತುಂಬಿದ್ದರೆ ಮೇಲೆ ಎಷ್ಟು ಬಳಿದರೂ ಮದ್ದು ಒಳಗೆ ಇಳಿಯದು. ಕೀವನ್ನು ವೈದ್ಯರೇ ಹೊರಹಾಕಬೇಕು. ಚರ್ಮದ ಆಳಕ್ಕೆ ಹರಡಿದ ಸೋಂಕಿಗೆ ಬಾಯಿಂದ ಅಥವಾ ಸೂಜಿಯಿಂದ ಪ್ರತಿಜೀವಕ ಬೇಕು. ಹುಳುಕಡ್ಡಿಗೆ ಶಿಲೀಂಧ್ರದ ಮದ್ದು, ಕಜ್ಜಿಗೆ ಕಜ್ಜಿಯ ಮದ್ದು. ಕಂದು ಮುಲಾಮು ಎಲ್ಲ ಚರ್ಮರೋಗಕ್ಕೂ ಸಲ್ಲುವ ಮದ್ದಲ್ಲ.

ಹಚ್ಚುವ ಕ್ರಮ

ಮುಲಾಮಿಗಿಂತ ಮೊದಲು ನೀರು. ಕೈಯನ್ನು ಸಾಬೂನು ಹಾಕಿ ತೊಳೆದುಕೊಂಡು, ರಕ್ತ ಬರುತ್ತಿದ್ದರೆ ಶುದ್ಧ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ನಡುನಡುವೆ ಎತ್ತಿ ನೋಡಿದರೆ ಕಟ್ಟುತ್ತಿರುವ ಹೆಪ್ಪು ಒಡೆಯುತ್ತದೆ. ಆಮೇಲೆ ಕುಡಿಯಲು ಯೋಗ್ಯವಾದ ನೀರನ್ನು ಗಾಯದ ಮೇಲೆ ಧಾರಾಳವಾಗಿ ಹರಿಸಬೇಕು. ಮಣ್ಣು, ಮರಳು, ಸಗಣಿ, ಒಣಹುಲ್ಲಿನ ಚೂರು ಒಳಗೆ ಉಳಿದರೆ ಅದರ ಮೇಲೆ ಹಚ್ಚಿದ ಅಯೋಡಿನ್ ವ್ಯರ್ಥ. ಗಾಯದ ಸುತ್ತಲಿನ ಚರ್ಮಕ್ಕೆ ಸಾಬೂನು ಬಳಸಬಹುದು. ಶುದ್ಧ ಗಾಜ್‌ನಿಂದ ಒತ್ತಿ ತೇವ ತೆಗೆದು, ಗಾಯವನ್ನಷ್ಟೇ ಮುಚ್ಚುವಂತೆ ತೆಳುವಾಗಿ ಮುಲಾಮು ಸವರಬೇಕು.

ಟ್ಯೂಬಿನ ಬಾಯಿಯನ್ನು ಗಾಯಕ್ಕೆ ತಾಗಿಸಬಾರದು. ಗಾಜ್ ಮೇಲೆ ಹಿಂಡಿಕೊಂಡು ಅದರಿಂದ ಹಚ್ಚುವುದು ಒಳ್ಳೆಯದು. ಮೇಲೆ ಗಾಜ್ ಇಟ್ಟು ಸಡಿಲವಾಗಿ ಕಟ್ಟಿ, ದಿನಕ್ಕೊಮ್ಮೆ ಅಥವಾ ಕಟ್ಟು ಒದ್ದೆಯಾದಾಗ ಬದಲಿಸಬೇಕು. ಗಾಜ್ ಅಂಟಿಕೊಂಡಿದ್ದರೆ ಶುದ್ಧ ನೀರು ಹನಿಸಿ ನೆನೆಸಿ ಬಿಡಿಸಬೇಕು. ಎಳೆದು ಕಿತ್ತರೆ ಹೊಸದಾಗಿ ಕೂತ ಪದರವೂ ಕಿತ್ತು ಬರುತ್ತದೆ. ಪ್ರತಿ ಸಲ ಹಳೆಯ ಮುಲಾಮನ್ನು ತೊಳೆದು, ಗಾಯವನ್ನು ಬೆಳಕಿನಲ್ಲಿ ನೋಡಿ, ಆಮೇಲೆ ಹೊಸದನ್ನು ಹಚ್ಚಬೇಕು. ನಮ್ಮ ಕಂದು ಚರ್ಮದ ಮೇಲೆ ನಂಜಿನ ಕೆಂಪು ಮೊದಲೇ ಮಸುಕಾಗಿ ಕಾಣುತ್ತದೆ, ಅದರ ಮೇಲೆ ಕಂದು ಮುಲಾಮು ಕೂತರೆ ಕಾಣುವುದೇ ಇಲ್ಲ. ಬಣ್ಣಕ್ಕಿಂತ ಬಿಸಿ, ಊತ, ನೋವನ್ನು ಕೈಯಿಂದ ಮುಟ್ಟಿ ಅರಿಯುವುದು ಹೆಚ್ಚು ನಂಬಲರ್ಹ.

ಸುಟ್ಟ ಗಾಯಕ್ಕೆ ಮೊದಲು ಹರಿಯುವ ತಣ್ಣೀರು, ಸುಮಾರು 20 ನಿಮಿಷ. ಮಂಜುಗಡ್ಡೆ, ಟೂತ್‌ಪೇಸ್ಟ್, ಶಾಯಿ ಬೇಡ. ಬೊಬ್ಬೆಯನ್ನು ಒಡೆಯಬಾರದು. ಸುಟ್ಟ ಜಾಗ ಅಂಗೈಗಿಂತ ದೊಡ್ಡದಾಗಿದ್ದರೆ ಅಥವಾ ಮುಖ, ಕೈ, ಕೀಲು, ಗುಪ್ತಾಂಗಗಳ ಮೇಲಿದ್ದರೆ ಮುಲಾಮು ಹಚ್ಚದೆ ಶುದ್ಧ ಬಟ್ಟೆ ಹೊದಿಸಿ ಆಸ್ಪತ್ರೆಗೆ ಒಯ್ಯಬೇಕು.

ನಾಯಿ ಕಡಿತ

ನಾಯಿ, ಬೆಕ್ಕು, ಕೋತಿ ಕಡಿದಾಗ ಅಥವಾ ಪರಚಿದಾಗ ಪೊವಿಡೋನ್ ಅಯೋಡಿನ್‌ಗೆ ಒಂದು ನಿರ್ದಿಷ್ಟ ಪಾತ್ರವಿದೆ. ರೇಬಿಸ್ ವೈರಸ್ ನರದೊಳಗೆ ಹೊಗುವ ಮೊದಲು ಗಾಯದಲ್ಲಿಯೇ ಅದನ್ನು ಕಡಿಮೆ ಮಾಡುವುದು ಅಲ್ಲಿನ ಗುರಿ. ನಲ್ಲಿಯ ಕೆಳಗೆ ಗಾಯ ಹಿಡಿದು ಸಾಬೂನು ಹಾಕಿ 15 ನಿಮಿಷ ತೊಳೆಯಬೇಕು. ಗಡಿಯಾರ ನೋಡದೆ ತೊಳೆದರೆ ಎರಡು ನಿಮಿಷಕ್ಕೇ ಕೈ ಸೋಲುತ್ತದೆ. ತೊಳೆದ ಮೇಲೆ ಪೊವಿಡೋನ್ ಅಯೋಡಿನ್ ಹಚ್ಚಬೇಕು. ಗಾಯ ಕಟ್ಟುವುದು, ಹೊಲಿಸುವುದು ವೈದ್ಯರ ತೀರ್ಮಾನ. ಹಳ್ಳಿಗಳಲ್ಲಿ ಇಂಥ ಗಾಯಕ್ಕೆ ಮೆಣಸಿನಪುಡಿ, ಸುಣ್ಣ ಮೆತ್ತುವುದು ಪೂರ್ತಿ ನಿಂತಿಲ್ಲ. ಅವು ಗಾಯವನ್ನು ಕೆರಳಿಸುತ್ತವೆ, ತೊಳೆಯುವ ಹೊತ್ತನ್ನು ಕಳೆಯುತ್ತವೆ.

ತೊಳೆದು ಮುಲಾಮು ಹಚ್ಚಿದ್ದು ಲಸಿಕೆಗೆ ಬದಲಿಯಲ್ಲ. ಭಾರತದಲ್ಲಿ ಚರ್ಮದೊಳಗೆ ಕೊಡುವ ರೇಬಿಸ್ ಲಸಿಕೆಯನ್ನು 0, 3, 7, 28ನೆಯ ದಿನಗಳಲ್ಲಿಯೂ ಸ್ನಾಯುವಿಗೆ ಕೊಡುವುದನ್ನು 0, 3, 7, 14, 28ನೆಯ ದಿನಗಳಲ್ಲಿಯೂ ಹಾಕುತ್ತಾರೆ. ಚರ್ಮ ಸೀಳಿ ರಕ್ತ ಬಂದಿದ್ದರೆ ಜತೆಗೆ ಗಾಯದ ಸುತ್ತ ರೇಬಿಸ್ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ.

ದೇಹದೊಳಗೆ ಸೇರುವ ಅಯೋಡಿನ್

ವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೊಗ್ರಾಂ. ಅಯೋಡಿನ್ ಬೆರೆಸಿದ ಉಪ್ಪು ಒದಗಿಸುವುದು ಇದನ್ನೇ. ಶೇ. 5ರ ಮುಲಾಮಿನ ಒಂದು ಗ್ರಾಂನಲ್ಲಿ ಸುಮಾರು 5 ಮಿಲಿಗ್ರಾಂ, ಅಂದರೆ 5,000 ಮೈಕ್ರೊಗ್ರಾಂ ಇರುತ್ತದೆ. ಮೂವತ್ತಮೂರು ದಿನಗಳ ಅಯೋಡಿನ್ ಬೆರಳ ತುದಿಯಲ್ಲಿ ನಿಂತಂತೆ. ಗಟ್ಟಿ ಚರ್ಮದ ಮೇಲೆ ಹಚ್ಚಿದರೆ ಒಳಗೆ ಹೋಗುವುದು ಅತ್ಯಲ್ಪ. ಆದರೆ ಚರ್ಮ ಕಿತ್ತುಹೋದ ಗಾಯ, ಸುಟ್ಟ ಜಾಗ, ಬಾಯಿ ಮತ್ತು ಯೋನಿಯ ಒಳಪದರ, ಶಿಶುಗಳ ತೆಳುಚರ್ಮ ಇವು ಸುಲಭವಾಗಿ ಒಳಬಿಡುತ್ತವೆ. ಮಂಡಿಯ ತರಚು ಗಾಯಕ್ಕೆ ಮೂರು ದಿನ ಹಚ್ಚಿದ ಆರೋಗ್ಯವಂತರಿಗೆ ಇದರಿಂದ ತೊಂದರೆ ಇಲ್ಲ. ಗಾಯ ಅಗಲವಾಗಿದ್ದು ವಾರಗಟ್ಟಲೆ ಹಚ್ಚುತ್ತಿದ್ದರೆ ಲೆಕ್ಕ ಬದಲಾಗುತ್ತದೆ.

ಅಯೋಡಿನ್ ಏಕಾಏಕಿ ಹೆಚ್ಚಾದಾಗ ಥೈರಾಯ್ಡ್ ತನ್ನ ಹಾರ್ಮೋನಿನ ತಯಾರಿಯನ್ನು ತಾತ್ಕಾಲಿಕವಾಗಿ ನಿಲ್ಲಿಸುತ್ತದೆ. ಇದನ್ನು 1948ರಲ್ಲಿ ವಿವರಿಸಿದ ವೂಲ್ಫ್ ಮತ್ತು ಚೈಕಾಫ್ ಅವರ ಹೆಸರಿನಲ್ಲಿ ಗುರುತಿಸುತ್ತಾರೆ. ಆರೋಗ್ಯವಂತ ಗ್ರಂಥಿ ಕೆಲವೇ ದಿನಗಳಲ್ಲಿ ಈ ತಡೆಯಿಂದ ಹೊರಬರುತ್ತದೆ. ನವಜಾತ ಶಿಶುವಿನ, ಅದರಲ್ಲಿಯೂ ದಿನ ತುಂಬದೆ ಹುಟ್ಟಿದ ಕೂಸಿನ ಗ್ರಂಥಿಗೆ ಆ ಶಕ್ತಿ ಇನ್ನೂ ಬಂದಿರುವುದಿಲ್ಲ, ಹಾರ್ಮೋನ್ ಕೊರತೆ ಉಳಿದುಬಿಡಬಹುದು. ಮಿದುಳು ಬೆಳೆಯುವ ಆ ದಿನಗಳಲ್ಲಿ ಅದು ಗಂಭೀರ. ವಯಸ್ಸಾದವರಲ್ಲಿ, ಗಂಟುಳ್ಳ ಗಳಗಂಡ ಇರುವವರಲ್ಲಿ ಇದಕ್ಕೆ ವಿರುದ್ಧವಾಗಿ ಹಾರ್ಮೋನ್ ಮಿತಿಮೀರಿ ಎದೆಬಡಿತ, ನಡುಕ, ತೂಕ ಇಳಿತ ಕಾಣಿಸಬಹುದು.

ಅಗಲವಾದ ಸುಟ್ಟಗಾಯಗಳಿಗೆ ಬಳಿದಾಗ ರಕ್ತದ ಆಮ್ಲತೆ ಏರಿದ, ಮೂತ್ರಪಿಂಡ ಸೋತ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿವೆ. ಅಯೋಡಿನ್ ಹೊರಹೋಗುವುದು ಮೂತ್ರದ ಮೂಲಕವೇ ಆದ್ದರಿಂದ ಮೂತ್ರಪಿಂಡದ ಕಾಯಿಲೆ ಇರುವವರಲ್ಲಿ ಅದು ಶೇಖರವಾಗುತ್ತದೆ. ಮ್ಯಾಕ್ರೊಗೋಲ್ ಆಧಾರ ಕೂಡ ದೊಡ್ಡ ಗಾಯದಿಂದ ರಕ್ತಕ್ಕೆ ಸೇರಿದರೆ ಮೂತ್ರಪಿಂಡಕ್ಕೆ ಹೊರೆ.

ಯಾರು ಬಳಸಬಾರದು

ಥೈರಾಯ್ಡ್ ಕಾಯಿಲೆ ಇರುವವರು ಮತ್ತು ಅದಕ್ಕೆ ಔಷಧ ಸೇವಿಸುವವರು, ಲಿಥಿಯಂ ಮಾತ್ರೆ ನುಂಗುವವರು, ಮೂತ್ರಪಿಂಡ ಸೋತವರು ವೈದ್ಯರನ್ನು ಕೇಳದೆ ಇದನ್ನು ಹಚ್ಚಬಾರದು. ವಿಕಿರಣಶೀಲ ಅಯೋಡಿನ್ ಚಿಕಿತ್ಸೆ ಅಥವಾ ಥೈರಾಯ್ಡ್ ಸ್ಕ್ಯಾನ್ ನಿಗದಿಯಾಗಿದ್ದವರು ಕೆಲವು ವಾರ ಮೊದಲೇ ನಿಲ್ಲಿಸಬೇಕಾಗುತ್ತದೆ. ಮುಲಾಮಿನ ಅಯೋಡಿನ್ ಗ್ರಂಥಿಯನ್ನು ತುಂಬಿಕೊಂಡರೆ ಚಿಕಿತ್ಸೆಯ ಅಯೋಡಿನ್‌ಗೆ ಜಾಗ ಇರುವುದಿಲ್ಲ. ಡರ್ಮಟೈಟಿಸ್ ಹರ್ಪಿಟಿಫಾರ್ಮಿಸ್ ಎಂಬ ಗುಳ್ಳೆಗಳ ಚರ್ಮರೋಗ ಇರುವವರಿಗೂ ಇದು ನಿಷಿದ್ಧ.

ಬಸುರಿಯರು, ಬಾಣಂತಿಯರು ಮನೆಯಲ್ಲಿ ದೀರ್ಘಕಾಲ ಅಥವಾ ಅಗಲವಾದ ಜಾಗಕ್ಕೆ ಬಳಸುವುದು ಸರಿಯಲ್ಲ. ಅಯೋಡಿನ್ ಜರಾಯುವನ್ನು (ಮಾಸನ್ನು) ದಾಟುತ್ತದೆ, ಎದೆಹಾಲಿನಲ್ಲಿಯೂ ಸೇರುತ್ತದೆ. ಮೊಲೆತೊಟ್ಟು ಒಡೆದ ಬಾಣಂತಿಗೆ ಇದನ್ನು ಹಚ್ಚಿದರೆ ಅದು ನೇರ ಕೂಸಿನ ಬಾಯಿಗೇ ಹೋಗುತ್ತದೆ. ಕೂಸಿನ ಹೊಕ್ಕುಳಿಗೆ ಮನೆಯವರು ತಾವಾಗಿ ಮುಲಾಮು ಹಚ್ಚಬಾರದು. ಹೊಕ್ಕುಳನ್ನು ಒಣಗಿರುವಂತೆ ಸ್ವಚ್ಛವಾಗಿ ಇಡುವುದೇ ಸಾಮಾನ್ಯ ಸಲಹೆ.

ಅಲರ್ಜಿ ಮತ್ತು ಉರಿಕೆರೆತ

ಹಚ್ಚಿದ ಜಾಗದಲ್ಲಿ ತುರಿ, ಕೆಂಪು, ಗುಳ್ಳೆ ಕಂಡರೆ ತೊಳೆದು ನಿಲ್ಲಿಸಬೇಕು. ಇಂಥವುಗಳಲ್ಲಿ ಬಹುಪಾಲು ನಿಜವಾದ ಅಲರ್ಜಿಯಲ್ಲ, ಒದ್ದೆ ಅಯೋಡಿನ್ ಗಾಳಿಯಾಡದೆ ಬಹಳ ಹೊತ್ತು ಚರ್ಮಕ್ಕೆ ಅಂಟಿದ್ದರಿಂದ ಆದ ಉರಿತ. ದಪ್ಪಗೆ ಮೆತ್ತಿ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಮುಚ್ಚಿದಾಗ ಇದು ಹೆಚ್ಚು.

ಮೀನು, ಸಿಗಡಿ, ಏಡಿ ತಿಂದರೆ ಮೈ ಕೆರೆಯುವವರಿಗೆ ಅಯೋಡಿನ್ ಆಗದು ಎಂಬ ನಂಬಿಕೆ ಕರಾವಳಿಯಲ್ಲಿ ಅಷ್ಟೇ ಅಲ್ಲ, ಆಸ್ಪತ್ರೆಗಳಲ್ಲಿಯೂ ಕೇಳಿಬರುತ್ತದೆ. ಅದಕ್ಕೆ ಆಧಾರವಿಲ್ಲ. ಸಿಗಡಿ, ಏಡಿಯ ಅಲರ್ಜಿಗೆ ಮುಖ್ಯ ಕಾರಣ ಟ್ರೊಪೊಮಯೊಸಿನ್ ಎಂಬ ಪ್ರೋಟೀನು. ಅಯೋಡಿನ್ ದೇಹಕ್ಕೆ ಬೇಕಾದ ಮೂಲವಸ್ತು. ಅದಿಲ್ಲದೆ ಯಾರೂ ಬದುಕಿಲ್ಲ.

ಇತರ ಮದ್ದುಗಳೊಂದಿಗೆ

ಒಂದೇ ಗಾಯಕ್ಕೆ ಎರಡು ಮೂರು ಮದ್ದು ಬೆರೆಸಿ ಹಚ್ಚಿದರೆ ಬೇಗ ಮಾಯುತ್ತದೆ ಎಂಬ ಎಣಿಕೆ ಇಲ್ಲಿ ತಿರುಗುಬಾಣವಾಗುತ್ತದೆ. ಪಾದರಸವಿರುವ ಮರ್ಕ್ಯುರೊಕ್ರೋಮ್‌ನಂಥ ಹಳೆಯ ಕೆಂಪು ಔಷಧದ ಮೇಲೆ ಅಯೋಡಿನ್ ಬಿದ್ದರೆ ಚರ್ಮ ಸುಡುವ ಸಂಯುಕ್ತ ಹುಟ್ಟುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಅಯೋಡಿನ್ ಒಂದನ್ನೊಂದು ಕುಂದಿಸುತ್ತವೆ. ಸುಟ್ಟಗಾಯಕ್ಕೆ ಬಳಸುವ ಬೆಳ್ಳಿಯ ಮುಲಾಮಿನೊಡನೆ ಸೇರಿದರೆ ಎರಡರ ಗುಣವೂ ತಗ್ಗುತ್ತದೆ. ಸತ್ತ ಮಾಂಸ ಕರಗಿಸುವ ಕೊಲಾಜಿನೇಸ್ ಕಿಣ್ವವನ್ನು ಅಯೋಡಿನ್ ನಿಷ್ಕ್ರಿಯಗೊಳಿಸುತ್ತದೆ. ಮಲದಲ್ಲಿ ಅಡಗಿದ ರಕ್ತವನ್ನು ಪತ್ತೆಮಾಡುವ ಕೆಲವು ಪರೀಕ್ಷೆಗಳೂ ಅಯೋಡಿನ್ ತಾಗಿದರೆ ತಪ್ಪು ಫಲಿತಾಂಶ ಕೊಡುತ್ತವೆ.

ಉಳಿದ ನಂಜುನಿವಾರಕಗಳ ನಡುವೆ ಇದರ ಸ್ಥಾನ ಸಂದರ್ಭಕ್ಕೆ ತಕ್ಕಂತೆ ಬದಲಾಗುತ್ತದೆ. 2010ರಲ್ಲಿ ಅಮೆರಿಕದಲ್ಲಿ 849 ರೋಗಿಗಳ ಮೇಲೆ ನಡೆದ ಒಂದು ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಗೆ ಮುನ್ನ ಮದ್ಯಸಾರ ಬೆರೆತ ಕ್ಲೋರ್‌ಹೆಕ್ಸಿಡಿನ್ ಎಂಬ ಇನ್ನೊಂದು ನಂಜುನಿವಾರಕ ಬಳಿದವರಲ್ಲಿ ಶೇ. 9.5, ನೀರಿನ ಪೊವಿಡೋನ್ ಅಯೋಡಿನ್ ಬಳಿದವರಲ್ಲಿ ಶೇ. 16.1 ಮಂದಿಗೆ ಗಾಯದ ಸೋಂಕಾಯಿತು. ಒಂದರಲ್ಲಿ ಮದ್ಯಸಾರವಿದ್ದು ಇನ್ನೊಂದರಲ್ಲಿ ಇಲ್ಲದ್ದರಿಂದ ಈ ಹೋಲಿಕೆ ಸಮಬಲದ್ದಲ್ಲ ಎಂಬ ಆಕ್ಷೇಪವೂ ಬಂತು. 2024ರಲ್ಲಿ ಸ್ವಿಟ್ಜರ್ಲೆಂಡಿನ ಅಧ್ಯಯನವೊಂದು ಎರಡಕ್ಕೂ ಮದ್ಯಸಾರ ಸೇರಿಸಿ ಹೃದಯ ಮತ್ತು ಹೊಟ್ಟೆಯ ಶಸ್ತ್ರಚಿಕಿತ್ಸೆಗಳಲ್ಲಿ ಹೋಲಿಸಿದಾಗ ಪೊವಿಡೋನ್ ಅಯೋಡಿನ್ ಹಿಂದೆ ಬೀಳಲಿಲ್ಲ. ಮನೆಯ ಗಾಯಗಳ ಮಟ್ಟಿಗೆ, ನಿಯೊಮೈಸಿನ್‌ನಂಥ ಪ್ರತಿಜೀವಕದ ಪುಡಿ, ಮುಲಾಮುಗಳನ್ನು ಸಣ್ಣಪುಟ್ಟದಕ್ಕೆಲ್ಲ ಹಚ್ಚಿ ಬ್ಯಾಕ್ಟೀರಿಯಾಗಳಿಗೆ ನಿರೋಧ ಕಲಿಸುವುದಕ್ಕಿಂತ ಅಯೋಡಿನ್ ಮೇಲು.

ಮಧುಮೇಹಿಗಳ ಪಾದ

ಮಧುಮೇಹಿಗಳ ಪಾದದಲ್ಲಿ ನರಗಳು ಮಂದವಾಗಿ ಮುಳ್ಳು ಚುಚ್ಚಿದ್ದೂ ಚಪ್ಪಲಿ ಕಚ್ಚಿದ್ದೂ ತಿಳಿಯುವುದಿಲ್ಲ. ನೋವಿಲ್ಲದ ಹುಣ್ಣಿಗೆ ಮನೆಯಲ್ಲಿಯೇ ಕಂದು ಮುಲಾಮು ಹಚ್ಚುತ್ತ ತಿಂಗಳು ಕಳೆಯುವುದು ಬೆರಳೋ ಪಾದವೋ ಹೋಗುವ ದಾರಿ. ಆ ಹುಣ್ಣು ಮಾಯಲು ಸಕ್ಕರೆ ಹತೋಟಿ, ರಕ್ತಸಂಚಾರದ ಪರೀಕ್ಷೆ, ಹುಣ್ಣಿನ ಮೇಲೆ ಭಾರ ಬೀಳದಂಥ ಪಾದರಕ್ಷೆ, ಸತ್ತ ಮಾಂಸದ ತೆರವು ಬೇಕು. ಬೇಗ ಮಾಯಲಿ ಎಂಬ ಒಂದೇ ಉದ್ದೇಶಕ್ಕೆ ನಂಜುನಿವಾರಕದ ಕಟ್ಟು ಹಾಕುವುದನ್ನು ಮಧುಮೇಹಿ ಪಾದದ ಅಂತರರಾಷ್ಟ್ರೀಯ ಮಾರ್ಗಸೂಚಿ ಅನುಮೋದಿಸುವುದಿಲ್ಲ.

ಯಾವ ಗಾಯವಾದರೂ ಮಾಯಲು ಆಹಾರವೂ ಮುಖ್ಯ. ಗಾಯವಾದವರು ಬದನೆಕಾಯಿಯಂಥ ‘ನಂಜಿನ’ ಪದಾರ್ಥ ತಿನ್ನಬಾರದು ಎಂಬ ಪಥ್ಯ ಕರ್ನಾಟಕದ ಅನೇಕ ಮನೆಗಳಲ್ಲಿದೆ. ಒಂದು ತರಕಾರಿ ಬಿಟ್ಟರೆ ನಷ್ಟವಿಲ್ಲ. ಬೇಳೆ, ಮೊಟ್ಟೆ, ಮೀನನ್ನೂ ಪಥ್ಯವೆಂದು ಬಿಟ್ಟರೆ ಗಾಯ ಕೂಡಲು ಬೇಕಾದ ಪ್ರೋಟೀನೇ ಸಿಗುವುದಿಲ್ಲ.

ಪಶುಪಾಲನೆಯಲ್ಲಿ

ಹಾಲು ಕರೆದ ಕೂಡಲೇ ಹಸುವಿನ ಮೊಲೆಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ ತೆಗೆಯುವುದು ಕೆಚ್ಚಲುಬಾವು ತಡೆಯುವ ಕ್ರಮ. ಕರೆದ ಮೇಲೆ ಮೊಲೆಯ ತುದಿಯ ರಂಧ್ರ ಸ್ವಲ್ಪ ಹೊತ್ತು ತೆರೆದಿರುತ್ತದೆ, ಸಗಣಿ-ಗಂಜಲದ ಸೂಕ್ಷ್ಮಜೀವಿ ಒಳಹೊಗುವುದು ಆಗಲೇ. ದನಗಳಿಗೆಂದು ತಯಾರಾದ ಸಾಂದ್ರ ದ್ರಾವಣವನ್ನು ಮನುಷ್ಯರ ಗಾಯಕ್ಕೆ ಬಳಸಬಾರದು. ಅದರ ಪ್ರಮಾಣ, ಬೆರಕೆ ಎರಡೂ ಬೇರೆ.

ಸಂಗ್ರಹ

ಮುಚ್ಚಳ ಬಿಗಿದು, ಬಿಸಿಲು ಬೀಳದ ತಂಪು ಜಾಗದಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಬೇಸಗೆಯಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡುವುದು ಸರಿಯಲ್ಲ. ಸೀಸೆಯೊಳಗಿನ ಅಯೋಡಿನ್ ತನ್ನನ್ನು ತಾನೇ ಶುದ್ಧವಾಗಿಟ್ಟುಕೊಳ್ಳುತ್ತದೆ ಎಂದು ನೆಚ್ಚುವಂತಿಲ್ಲ. 1980ರ ದಶಕದ ಆರಂಭದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಪೊವಿಡೋನ್ ಅಯೋಡಿನ್ ದ್ರಾವಣದೊಳಗೇ ಸ್ಯೂಡೊಮೊನಾಸ್ ಜಾತಿಯ ಬ್ಯಾಕ್ಟೀರಿಯಾ ಬದುಕಿದ್ದುದು ಪತ್ತೆಯಾಗಿತ್ತು. ಅವಧಿ ಮುಗಿದ, ಬಣ್ಣ ತೆಳುವಾದ ಮುಲಾಮನ್ನು ಎಸೆಯಬೇಕು. ಒಬ್ಬರ ಹುಣ್ಣಿಗೆ ಬಳಸಿದ ಟ್ಯೂಬು ಇನ್ನೊಬ್ಬರಿಗೆ ಬೇಡ.

ವೈದ್ಯರ ಬಳಿಗೆ ಯಾವಾಗ, ನಿಲ್ಲಿಸುವುದು ಯಾವಾಗ

ಹತ್ತು ನಿಮಿಷ ಒತ್ತಿದರೂ ರಕ್ತ ನಿಲ್ಲದಿದ್ದರೆ, ಗಾಯ ಆಳವಾಗಿ ಬಾಯಿ ಬಿಟ್ಟಿದ್ದರೆ, ಮೊಳೆ ಅಥವಾ ಮುಳ್ಳು ಆಳಕ್ಕೆ ಚುಚ್ಚಿದ್ದರೆ, ಗಾಯದ ಆಚೆ ಮರಗಟ್ಟಿದ್ದರೆ ಮುಲಾಮಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಸುತ್ತಲಿನ ಬಿಸಿ ಮತ್ತು ಊತ ದಿನದಿಂದ ದಿನಕ್ಕೆ ಹರಡಿದರೆ, ಕೀವು, ದುರ್ವಾಸನೆ, ಜ್ವರ ಬಂದರೆ, ಗಾಯದಿಂದ ಮೇಲಕ್ಕೆ ಕೆಂಪು ಗೆರೆ ಏರಿದರೆ, ಕಂಕುಳಲ್ಲೋ ತೊಡೆಸಂದಿಯಲ್ಲೋ ಗಡ್ಡೆ ಕಟ್ಟಿದರೆ ಸೋಂಕು ಮುಲಾಮಿನ ಕೈ ಮೀರಿದೆ.

ವೈದ್ಯರ ಸಲಹೆ ಇಲ್ಲದೆ ಒಂದು ವಾರಕ್ಕಿಂತ ಹೆಚ್ಚು ಹಚ್ಚಬಾರದು. ಪ್ರಯೋಗಶಾಲೆಯ ತಟ್ಟೆಯಲ್ಲಿ ಅಯೋಡಿನ್ ಗಾಯ ಕೂಡಿಸುವ ಜೀವಕೋಶಗಳನ್ನು ಕೊಲ್ಲುತ್ತದೆ. ರೋಗಿಗಳ ಗಾಯದಲ್ಲಿ ಅದು ಮಾಯುವುದನ್ನು ಅಷ್ಟಾಗಿ ತಡೆಯುವಂತೆ ಕಂಡಿಲ್ಲ. ಹಾಗೆಂದು ಬೇಡದಲ್ಲಿ ಹಚ್ಚುವುದರಿಂದ ಲಾಭವೂ ಇಲ್ಲ. ಗಾಯ ಒಣಗಿ ಹೆಕ್ಕಳಿಕೆ ಕಟ್ಟಬೇಕು ಎಂಬ ಹಳೆಯ ಎಣಿಕೆಯನ್ನು 1962ರಲ್ಲಿ ಜಾರ್ಜ್ ವಿಂಟರ್ ಹಂದಿಗಳ ಮೇಲೆ ನಡೆಸಿದ ಪ್ರಯೋಗ ಅಲುಗಾಡಿಸಿತು: ತೇವ ಉಳಿಸಿ ಮುಚ್ಚಿದ ಗಾಯಗಳ ಮೇಲೆ ಚರ್ಮ ಬೇಗ ಹರಡಿತ್ತು. ಕಟ್ಟು ಬಿಚ್ಚಿದಾಗ ಕೀವಿಲ್ಲದೆ, ವಾಸನೆಯಿಲ್ಲದೆ, ದಾಳಿಂಬೆ ಕಾಳಿನಂತೆ ಕೆಂಪಗೆ ಹರಳುಹರಳಾದ ಹೊಸ ಮಾಂಸ ಕಂಡರೆ ಅಯೋಡಿನ್‌ನ ಕೆಲಸ ಮುಗಿಯಿತು. ಅಲ್ಲಿಂದ ಮುಂದಕ್ಕೆ ಶುದ್ಧ ನೀರು ಮತ್ತು ಒಂದು ಸ್ವಚ್ಛ ಕಟ್ಟು ಸಾಕು.